ಎರಡನೇ ನೀರು

ಮಲ್ಲೇಶ್ವರ
15 ಜುಲೈ 2024

ಹನುಮಕ್ಕ ಅವರಿಗೆ,

ನಾನು ಆಂಡಾಳ್. ಚಾಮರಾಜಪೇಟೆಯ ಚೂಡಾಮಣಿ ಸೋಡಾ ಫ್ಯಾಕ್ಟರಿಯಲ್ಲಿ ಬಿಳಿ ಕೋಟು ಹಾಕಿಕೊಂಡು ತಕ್ಕಡಿ ಮುಂದೆ ಕೂತಿರುತ್ತಿದ್ದವಳು. ನೀವು ಬಾಟಲಿ ತೊಳೆಯುವ ಕಡೆ ಇದ್ದಿರಿ. ಮೂವತ್ತೆಂಟು ವರ್ಷ ಆಯಿತು. ಮನೆಯಲ್ಲಿ ಯಾರಾದರೂ ಈ ಕಾಗದ ಓದಿ ಹೇಳುತ್ತಾರೆ ಅಂದುಕೊಂಡು ಬರೆಯುತ್ತಿದ್ದೇನೆ.

ನಿನ್ನೆ ನಮ್ಮ ಮನೆಗೆ ಹಗುರ ಬಂತು, ಹನುಮಕ್ಕ! ನಮ್ಮ ಫ್ಯಾಕ್ಟರಿಯ ಹಗುರ ಸೋಡಾದ ನಿಜವಾದ ಬಾಟಲಿ! ಅನಿರುದ್ಧ ಅಂತ ಒಬ್ಬರು ಹುಡುಕಿಕೊಂಡು ಬಂದರು. ಬೆಂಗಳೂರಿನ ಹಳೇ ಸೋಡಾ ಕಂಪನಿಗಳ ಬಾಟಲಿ ಕೂಡಿಡುವ ಹುಚ್ಚು ಅವರಿಗೆ. ಮಾಮೂಲ್‌ಪೇಟೆಯ ಒಂದು ಅಂಗಡಿಯ ಅಟ್ಟದಲ್ಲಿ ಇದು ಸಿಕ್ಕಿತಂತೆ. ಹಸಿರು ಲೇಬಲ್ ಹಾಗೇ ಇದೆ. ಅದರ ಮೇಲೆ ಚಕ್ಕೋತದ ಮೂರು ತೊಳೆ, ಕೆಳಗೆ ‘ಸಕ್ಕರೆ ಇಲ್ಲ, ಸಪ್ಪೆಯೂ ಅಲ್ಲ’. ಕೈಗೆ ತೆಗೆದುಕೊಂಡವಳು ಹತ್ತು ನಿಮಿಷ ಕೆಳಗೆ ಇಡಲಿಲ್ಲ. ಖಾಲಿ ಬಾಟಲಿ ಮೂಸಿ ನೋಡುತ್ತಿದ್ದೀಯಲ್ಲ ಅಂತ ನಮ್ಮ ಯಜಮಾನರು ಸಂಕರ್ಷಣ ನಗುತ್ತಿದ್ದರು.

ಡಿಸೆಂಬರ್ ಎಂಟಕ್ಕೆ ಬಸವನಗುಡಿಯ ಒಂದು ಹಾಲ್‌ನಲ್ಲಿ ಅನಿರುದ್ಧ ಪ್ರದರ್ಶನ ಇಟ್ಟಿದ್ದಾರೆ. ಹಗುರದ ಕಥೆ ಒಂದು ಬೋರ್ಡಿನ ಮೇಲೆ ಇರುತ್ತದೆ. ಅದಲ್ಲ ವಿಷಯ. ಬಂದವರಿಗೆ ಹಗುರ ಕುಡಿಸಬೇಕಂತೆ! ನೂರಿಪ್ಪತ್ತು ಬಾಟಲಿ. ಮಾಡಿಕೊಡ್ತೀರಾ ಅಂತ ಕೇಳಿದರು, ನಾನು ಯೋಚನೆ ಮಾಡುವುದಕ್ಕೆ ಮುಂಚೆಯೇ ಹೂಂ ಅಂದುಬಿಟ್ಟೆ.

ಆಮೇಲೆ ನನ್ನ ಹಳೇ ನೋಟ್‌ಬುಕ್ ತೆಗೆದು ನೋಡಿದೆ. ಎಲ್ಲ ಅಳತೆ ಇದೆ. ಚಕ್ಕೋತದ ಸಿಪ್ಪೆ ನೆನೆಸಿದ ನೀರಿನದು ಮಾತ್ರ ಇಲ್ಲ. ಅದು ನಿಮಗೆ ಗೊತ್ತು.

ನಿಮ್ಮ ವಿಳಾಸ ಸಿಕ್ಕಿದ್ದು ಉಪ್ಪಿನಕಾಯಿ ಬಾಟಲಿಯ ಮೇಲೆ. ನಮ್ಮ ಯಜಮಾನರು ಗಾಂಧಿಬಜಾರಿನಿಂದ ತಂದ ‘ಹನುಮಕ್ಕನ ಹೇರಳೆಕಾಯಿ ಉಪ್ಪಿನಕಾಯಿ’. ಮುಚ್ಚಳದ ಮೇಲಿನ ಫೋಟೋ ನೋಡಿದ ಕೂಡಲೇ ಗುರುತು ಹಿಡಿದೆ.

ದಯವಿಟ್ಟು ಉತ್ತರ ಬರೆಸಿ.

ನಿಮ್ಮ ಹಳೇ ಪರಿಚಯದ
ಆಂಡಾಳ್


ಚಾಮರಾಜಪೇಟೆ
22 ಜುಲೈ 2024

ಆಂಡಾಳ್ ಮೇಡಂಗೆ,

ಕಾಗದ ಬಂತು. ಯಾರೂ ಓದಿ ಹೇಳಲಿಲ್ಲ. ನಾನೇ ಓದಿದೆ. ಇದನ್ನೂ ನಾನೇ ಬರೀತಿದೀನಿ. ಫ್ಯಾಕ್ಟ್ರಿ ಬಿಟ್ಟ ಮೇಲೆ ಸಂಜೆ ಶಾಲೆಗೆ ಹೋಗಿ ಕಲಿತೆ.

ಹಗುರದ ಬಾಟಲಿ ಸಿಕ್ಕಿದ್ದನ್ನ ಮೂರು ಸಲ ಓದಿದೆ. ಸುಳ್ಳು ಹೇಳಲ್ಲ. ನನ್ನ ಮಗಳು ಪೂಜಿತಾ ಇಲ್ಲೇ ಜ್ಯೂಸ್ ಅಂಗಡಿ ಇಟ್ಟಿದಾಳೆ. ಅವಳಿಗೆ ಹೇಳಿದೆ. “ಅಮ್ಮಾ, ಆ ಕಾಲದಲ್ಲೇ ಡಯಟ್ ಡ್ರಿಂಕಾ? ಅದೂ ನೀನಾ?” ಅಂತ ನಕ್ಕಳು. ನಗಲಿ.

ಆದರೆ ಒಂದು ಕೇಳ್ತೀನಿ. ಈಗ ಯಾಕೆ? ಇಷ್ಟು ವರ್ಷ ನೀವು ಮಲ್ಲೇಶ್ವರದಲ್ಲೇ ಇದ್ರಿ, ನಾನು ಚಾಮರಾಜಪೇಟೇಲೇ ಇದ್ದೆ. ಮಧ್ಯೆ ಇರೋದು ಅರ್ಧ ಗಂಟೆ ಬಸ್ಸು. ನಿಮ್ಮ ಹತ್ರ ಪುಸ್ತಕ ಇದೆ. ನಾಲಿಗೆಯೂ ಇದೆ. ಸಿಪ್ಪೆ ನೀರು ಎಷ್ಟು ಹಾಕಬೇಕು ಅಂತ ಕುಡಿದು ನೋಡಿದರೆ ಆಯ್ತಲ್ಲ?

ಫೋನ್ ನಂಬರ್ ಕೊಡಲ್ಲ. ಬಾಯಲ್ಲಿ ಆಡಿದ್ದು ಆಮೇಲೆ ಬೇರೆ ಥರ ಆಗುತ್ತೆ. ಏನು ಹೇಳೋದಿದ್ರೂ ಬರೆದು ಕಳಿಸಿ.

ಹನುಮಕ್ಕ


ಮಲ್ಲೇಶ್ವರ
26 ಜುಲೈ 2024

ಹನುಮಕ್ಕ ಅವರಿಗೆ,

ನಿಮ್ಮ ಅಕ್ಷರ ನೋಡುತ್ತ ಬಹಳ ಹೊತ್ತು ಕೂತಿದ್ದೆ. ಗುಂಡಗಿನ, ಗೆರೆ ಬಿಟ್ಟು ಅಲ್ಲಾಡದ ಅಕ್ಷರ. ಬೇರೆಯವರು ಓದಿ ಹೇಳುತ್ತಾರೆ ಅಂತ ಬರೆದದ್ದಕ್ಕೆ ನನ್ನನ್ನು ಕ್ಷಮಿಸಬೇಕು.

ಈಗ ಯಾಕೆ ಅಂದಿರಿ. ನನಗೆ ರುಚಿ ಹೋಗಿದೆ. ಮೂರು ವರ್ಷದ ಹಿಂದೆ ಜ್ವರದಲ್ಲಿ ಹೋದದ್ದು ತಿರುಗಿ ಬರಲೇ ಇಲ್ಲ. ಉಪ್ಪು, ಸಿಹಿ ಚೂರು ಸುಳಿಯುತ್ತೆ. ಕಹಿ ಅಂತೂ ಗೊತ್ತೇ ಆಗಲ್ಲ. ಹಾಗಲಕಾಯಿ ಗೊಜ್ಜೂ ಬಿಸಿನೀರೂ ನನಗೆ ಒಂದೇ. ನಮ್ಮ ಮನೆಯಲ್ಲಿ ಸಾರಿಗೆ ಉಪ್ಪು ನೋಡುವವರು ಈಗ ಸಂಕರ್ಷಣ.

ಇನ್ನೊಂದು ವಿಷಯ ಮೊದಲ ಕಾಗದದಲ್ಲಿ ಮುಚ್ಚಿಟ್ಟೆ. ನೋಟ್‌ಬುಕ್ಕಿನಲ್ಲಿ ಸಿಪ್ಪೆ ನೀರಿನ ಸಾಲು ಇದೆ. ನನ್ನ ಕೈಯಲ್ಲೇ ಬರೆದದ್ದು: ‘ಸಿಪ್ಪೆ ನೀರು, ಹ. ಹೇಳಿದಷ್ಟು.’ ಹ. ಅಂದರೆ ನೀವು.

ಹಗುರ ಹುಟ್ಟಿದ ದಿನವನ್ನು ಅನಿರುದ್ಧನಿಗೆ ಹೇಳುವಾಗ ಕುರ್ಚಿಯಿಂದ ಎದ್ದೇಬಿಟ್ಟೆ. 1984. ಫ್ಯಾಕ್ಟರಿಯ ಮಾಲೀಕರು ಶೀನಣ್ಣ. ಅವರಿಗೆ ಸಕ್ಕರೆ ಕಾಯಿಲೆ ಬಂದು ವರ್ಷವಾಗಿತ್ತು. “ಊರಿಗೆಲ್ಲ ಸೋಡಾ ಕುಡಿಸೋನು ನಾನು, ಮದುವೆ ಮನೇಲಿ ನೀರು ಕುಡಿದು ಎದ್ದು ಬರ್ತೀನಿ, ಆಂಡಾಳ್. ನನ್ನಂಥವರಿಗೆ ಒಂದು ಮಾಡು” ಅಂದರು. ನಾಲ್ಕು ತಿಂಗಳು ನಾನು ಒದ್ದಾಡಿದೆ. ಸಕ್ಕರೆ ಬದಲು ಸ್ಯಾಕರಿನ್ ಹಾಕಿದರೆ ಸಿಹಿ ಬರುತ್ತೆ, ಹಿಂದೆಯೇ ಕಹಿಯೂ ಬರುತ್ತೆ. ನಿಂಬೆ ಹಾಕಿದೆ, ಕಿತ್ತಳೆ ಹಾಕಿದೆ, ಏಲಕ್ಕಿ ಹಾಕಿದೆ. ಕಹಿ ಹೋಗಲಿಲ್ಲ. ಚೆಲ್ಲುವುದಕ್ಕೆ ಕೊಟ್ಟ ಜಾಡಿಯನ್ನು ನೀವು ಚೆಲ್ಲದೆ, ಬೆರಳದ್ದಿ ನೆಕ್ಕಿ ನನ್ನ ಬಾಗಿಲಿಗೆ ಬಂದಿರಿ.

“ಕಹೀನ ಮುಚ್ಚೋಕೆ ಯಾಕೆ ಒದ್ದಾಡ್ತೀರಾ ಮೇಡಂ? ಕಹಿ ಇರೋ ಹಣ್ಣೇ ಹಾಕಿ. ಕುಡಿದೋರು ಹಣ್ಣಿನ ಕಹಿ ಅಂದ್ಕೋತಾರೆ.”

ಮಾರನೇ ದಿನ ದೇವನಹಳ್ಳಿ ಹತ್ತಿರದ ನಿಮ್ಮ ಹಳ್ಳಿಯಿಂದ ಸೆರಗಿನಲ್ಲಿ ಕಟ್ಟಿಕೊಂಡು ಚಕ್ಕೋತ ತಂದಿರಿ. ಮಗುವಿನ ತಲೆಯಷ್ಟು ದಪ್ಪ! ಬಿ.ಎಸ್ಸಿ. ಓದಿದ ನನಗೆ ನಾಲ್ಕು ತಿಂಗಳು ಹೊಳೆಯದ್ದು ನಿಮಗೆ ಒಂದು ಬೆರಳಿಗೆ ಹೊಳೆಯಿತು.

ಹಗುರ ಮಾಡಿದವಳು ಅಂತ ಪೇಪರಿನಲ್ಲಿ ನನ್ನೊಬ್ಬಳ ಫೋಟೋ ಬಂದ ವಾರವೇ ನೀವು ಕೆಲಸ ಬಿಟ್ಟಿರಿ. ಅದಕ್ಕೇ ಕೋಪ ಅಂತ ನನಗೆ ಆಗಲೇ ಗೊತ್ತಿತ್ತು. ಫೋಟೋ ತೆಗೆಯುವವನಿಗೆ ನಿಮ್ಮನ್ನೂ ಕರೆಯಿರಿ ಅಂತ ನಾನು ಹೇಳಬೇಕಿತ್ತು. ಹೇಳಲಿಲ್ಲ. ತಪ್ಪಾಯಿತು.

ಬರ್ತೀರಾ?

ಆಂಡಾಳ್


ಚಾಮರಾಜಪೇಟೆ
5 ಆಗಸ್ಟ್ 2024

ಮೇಡಂ,

ಫೋಟೋ ಅಲ್ಲ.

ಫೋಟೋ ಬಂದ ದಿನ ನಾನೇ ಆ ಪೇಪರ್ ತಗೊಂಡು ನಮ್ಮ ಬೀದೀಲೆಲ್ಲ ತೋರಿಸಿದ್ದೆ. ನಮ್ಮ ಮೇಡಂ ನೋಡಿ ಅಂತ. ಅದಾದ ಎರಡು ದಿನಕ್ಕೆ ಶೀನಣ್ಣ ನಿಮ್ಮ ರೂಮಿಗೆ ಬಂದಿದ್ರು. ನಾನು ಹೊರಗೆ ಕ್ರೇಟು ಜೋಡಿಸ್ತಿದ್ದೆ. ಅವರು ಹೇಳಿದ್ದು ನನಗೆ ಈಗಲೂ ಬಾಯಿಪಾಠ. “ಆ ಹನುಮಕ್ಕನ್ನ ಬಾಟಲಿ ತೊಳೆಯೋದ್ರಿಂದ ಬಿಡಿಸಿ ನಿನ್ನ ಜೊತೆ ಹಾಕ್ತೀನಿ. ರುಚಿ ನೋಡೋ ಕೆಲಸಕ್ಕೆ. ಏನಂತೀಯಾ?”

ನೀವು ಅಂದ್ರಿ, “ಬೇಡ ಶೀನಣ್ಣ. ಓದು ಬರಹ ಇಲ್ಲ. ಒಂದು ಬಾಟಲಿ ಹೆಸರು ಓದೋಕೆ ಬರಲ್ಲ. ಏನಾದ್ರೂ ಹೆಚ್ಚುಕಮ್ಮಿ ಹಾಕಿದ್ರೆ?”

ನಾನೇನೂ ಹಾಕ್ತಿರಲಿಲ್ಲ ಮೇಡಂ. ಕುಡಿದು ಹೇಳ್ತಿದ್ದೆ, ಅಷ್ಟೆ. ಅದಕ್ಕೆ ಅಕ್ಷರ ಯಾಕೆ ಬೇಕಿತ್ತು?

ಶನಿವಾರ ಲೆಕ್ಕ ಚುಕ್ತಾ ಮಾಡಿಸ್ಕೊಂಡು ಹೊರಟೆ. ಸೋಮವಾರ ಸಂಜೆ ಶಾಲೆಗೆ ಸೇರಿದೆ. ಪೂಜಿತಾ ಆಗಿನ್ನೂ ಹುಟ್ಟಿರಲಿಲ್ಲ. ಹಠಕ್ಕೆ ಕಲಿತದ್ದು. ಆಮೇಲೆ ಹಠ ಹೋಯ್ತು, ಅಕ್ಷರ ಉಳೀತು.

ನೀವು ಈಗ ಏನು ಬರೀತೀರೋ ನೋಡೋಣ.

ಹನುಮಕ್ಕ


ಮಲ್ಲೇಶ್ವರ
29 ಆಗಸ್ಟ್ 2024

ಹನುಮಕ್ಕ,

ಮೂರು ವಾರದಲ್ಲಿ ಆರು ಕಾಗದ ಬರೆದು ಹರಿದೆ. ಒಂದರಲ್ಲಿ ನೆನಪಿಲ್ಲ ಅಂತ ಬರೆದಿದ್ದೆ. ಸುಳ್ಳು. ಒಂದೊಂದು ಮಾತೂ ನೆನಪಿದೆ. ನೀವು ಕೇಳಿಸಿಕೊಂಡಿರಿ ಅನ್ನುವುದು ಮಾತ್ರ ಗೊತ್ತಿರಲಿಲ್ಲ.

ನನಗೆ ಭಯ ಆಗಿತ್ತು. ನಾನು ಅಳೆಯುತ್ತಿದ್ದೆ, ಅಷ್ಟೇ. ಸರಿಯೋ ತಪ್ಪೋ ಹೇಳುತ್ತಿದ್ದವರು ನೀವು. ನೀವು ಒಳಗೆ ಬಂದು ನನ್ನ ಪಕ್ಕದ ಸ್ಟೂಲಿನ ಮೇಲೆ ಕೂತರೆ, ಒಂದು ತಿಂಗಳಲ್ಲಿ ಶೀನಣ್ಣನಿಗೆ ಇಬ್ಬರಲ್ಲಿ ಯಾರಿಲ್ಲದಿದ್ದರೆ ನಡೆಯುತ್ತೆ ಅಂತ ಗೊತ್ತಾಗಿಬಿಡುತ್ತಿತ್ತು. ಇಪ್ಪತ್ತೆಂಟು ವರ್ಷದ ನನಗೆ ಆ ಬಿಳಿ ಕೋಟು ಬಿಟ್ಟರೆ ನನ್ನದು ಅಂತ ಬೇರೇನೂ ಇರಲಿಲ್ಲ. ಹಾಗಂತ ಅದು ಕಾರಣ, ಸಮರ್ಥನೆ ಅಲ್ಲ. ನಿಮಗೆ ಬರಬೇಕಾಗಿದ್ದ ಜಾಗಕ್ಕೆ ನಾನು ಅಡ್ಡ ಕೂತೆ.

ಇದನ್ನು ನಿನ್ನೆ ಸಂಕರ್ಷಣ ಅವರಿಗೂ ಹೇಳಿದೆ. ಮದುವೆಯಾಗಿ ಮೂವತ್ತಾರು ವರ್ಷದಲ್ಲಿ ಮೊದಲ ಸಲ. ಅವರು ಚಪ್ಪಲಿ ಮೆಟ್ಟಿಕೊಂಡು, “ಸ್ಟಾಂಪ್ ತಂದು ಕೊಡ್ಲಾ?” ಅಂದರು.

ನೀವು ಬರದಿದ್ದರೂ ಸರಿ. ಇದು ಹಗುರಕ್ಕಾಗಿ ಬರೆದದ್ದಲ್ಲ.

ಆಂಡಾಳ್


ಚಾಮರಾಜಪೇಟೆ
3 ಸೆಪ್ಟೆಂಬರ್ 2024

ಆಂಡಾಳಮ್ಮ,

ಕಾಗದ ಓದಿದೆ. ಮಡಿಸಿ ಇಟ್ಟಿದೀನಿ. ಅದರ ಬಗ್ಗೆ ಮತ್ತೆ ಯಾವತ್ತಾದ್ರೂ.

ಈಗ ಕೇಳಿ! ಭಾನುವಾರ ನಮ್ಮೂರಿಗೆ ಹೋಗಿದ್ದೆ. ಏರ್‌ಪೋರ್ಟ್ ಬಂದ ಮೇಲೆ ಅಲ್ಲಿ ತೋಟ ಯಾವುದು ಸೈಟು ಯಾವುದು ಗೊತ್ತಾಗಲ್ಲ. ನಮ್ಮ ಹಳೇ ಚಕ್ಕೋತದ ಮರ ಇದ್ದ ಕಡೆ ಈಗ ಕಾರು ನಿಲ್ಲಿಸ್ತಾರೆ. ಸುಮ್ಮನೆ ವಾಪಸ್ ಬರೋಣ ಅಂತ ಬಸ್‌ಸ್ಟಾಪಿಗೆ ಬಂದರೆ, ನನ್ನ ಚಿಕ್ಕಪ್ಪನ ಮಗ ದೊಡ್ಡಬೈರಪ್ಪ ಸ್ಕೂಟರ್‌ನಲ್ಲಿ ಎದುರಿಗೆ ಬಂದ. “ಅಕ್ಕ, ನಮ್ಮ ಹಿತ್ತಲಲ್ಲಿ ನಾಲ್ಕು ಮರ ಉಳಿಸ್ಕೊಂಡಿದೀನಿ, ಬಾ” ಅಂದ. ಹೋಗಿ ಒಂದು ಹಣ್ಣು ಬಿಡಿಸಿದೆ. ಒಳಗೆ ಗುಲಾಬಿ ಬಣ್ಣ! ಅದೇ ಜಾತಿ! ಅಲ್ಲೇ ನಿಂತು ಅರ್ಧ ಹಣ್ಣು ತಿಂದೆ.

ಶನಿವಾರ ಹತ್ತು ಗಂಟೆಗೆ ಆರು ಹಣ್ಣು ತಗೊಂಡು ಬರ್ತೀನಿ. ಪೂಜಿತಾ ಅಂಗಡಿಯ ಸೋಡಾ ಮಷೀನೂ ಆಟೋದಲ್ಲಿ ತರ್ತೀನಿ. ಜಾಗ ಮಾಡಿ ಇಡಿ.

ಹನುಮಕ್ಕ


ಮಲ್ಲೇಶ್ವರ
24 ಸೆಪ್ಟೆಂಬರ್ 2024

ಹನುಮಕ್ಕ,

ಎದುರಿಗೆ ಸಿಕ್ಕಾಗ ಹೇಳಬಹುದು, ಆದರೂ ಬರೆಯುತ್ತಿದ್ದೇನೆ. ನೀವು ಬಂದರೆ ಬರೀ ಗ್ಯಾಸು, ಗ್ರಾಮು, ಮುಚ್ಚಳದ ಮಾತೇ ಆಗುತ್ತೆ. ಕಾಗದದಲ್ಲಿ ಉಸಿರಾಡುವುದಕ್ಕೆ ಜಾಗ ಇರುತ್ತೆ.

ಮೊದಲನೇ ಶನಿವಾರ ನೀವು ಬಾಗಿಲಲ್ಲಿ ನಿಂತಾಗ ಏನು ಮಾತಾಡಬೇಕು ಅಂತ ನಾನು ಅಭ್ಯಾಸ ಮಾಡಿಕೊಂಡಿದ್ದೆ. ನೀವು “ಸಿಂಕ್ ಎಲ್ಲಿ?” ಅಂದಿರಿ. ಎಲ್ಲ ಮರೆತುಹೋಯಿತು, ಒಳ್ಳೆಯದೇ ಆಯಿತು.

ಮೂರು ಶನಿವಾರ ಆಯಿತು. ನೀವು ಹೋದ ಮೇಲಿನ ಅಡುಗೆಮನೆ ನೋಡಬೇಕು! ಕಳೆದ ವಾರ ಸಿಡಿದ ಬಾಟಲಿಯ ಮುಚ್ಚಳ ಇವತ್ತು ಫ್ಯಾನಿನ ಮೇಲಿಂದ ಬಿತ್ತು. ಚಕ್ಕೋತದ ತೊಳೆ ಬಿಡಿಸಿ ಬಿಡಿಸಿ ಸಂಕರ್ಷಣ ಅವರ ಬೆರಳು ಸುಕ್ಕಾಗಿದೆ. ಪಕ್ಕದ ಮನೆಯವರು ಏನು ಮಾಡ್ತಿದೀರಾ ಅಂತ ಕೇಳಿದರು. “ಫ್ಯಾಕ್ಟರಿ” ಅಂದೆ! ಅರವತ್ತಾರು ವರ್ಷಕ್ಕೆ ಇಷ್ಟು ಖುಷಿ ಸರಿಯಲ್ಲವೇನೋ ಅನ್ನಿಸುವಷ್ಟು ಖುಷಿ ನನಗೆ.

ಆದರೆ ಹಗುರ ಬರುತ್ತಿಲ್ಲ. ನೀವು ಪ್ರತಿ ಸಲ ಒಂದು ಗುಟುಕು ಕುಡಿದು ತಲೆ ಅಲ್ಲಾಡಿಸುತ್ತೀರಿ. “ಕಹಿ ನಾಲಿಗೆ ಮೇಲೆ ಬಂದು ಹೋಗಬೇಕು. ಇದು ಗಂಟಲಲ್ಲಿ ಕೂತ್ಕೊಂಡಿದೆ” ಅನ್ನುತ್ತೀರಿ. ನೀವು ಹೋದ ಮೇಲೆ ಫ್ಯಾಕ್ಟರಿಯಲ್ಲಿ ನಾನು ಮಾಡುತ್ತಿದ್ದಂತೆಯೇ ಸಿಪ್ಪೆ ನೆನೆಸಿದ್ದೇನೆ. ನೀರು ಹೆಚ್ಚು ಮಾಡಿದೆ, ಕಡಿಮೆ ಮಾಡಿದೆ.

ಇದೇ ದೂರು ಹಿಂದೆಯೂ ಇತ್ತು. ನೀವು ಹೋದ ಮೇಲೆ, 86ರ ಕೊನೆಯಿಂದ. ಅಂಗಡಿಯವರು ಗಂಟಲು ಕಹಿ ಅಂತ ಕ್ರೇಟು ವಾಪಸ್ ಕಳಿಸುತ್ತಿದ್ದರು. ನಾನು ಸ್ಯಾಕರಿನ್ ತರಿಸುವ ಕಡೆ ಬದಲಾಯಿಸಿದೆ. ಬಾವಿ ನೀರು ಬಿಟ್ಟು ನಲ್ಲಿ ನೀರು ಹಿಡಿದೆವು. ಏನೂ ಆಗಲಿಲ್ಲ. 93ರಲ್ಲಿ ದೊಡ್ಡ ಕಂಪನಿಗಳು ಅಂಗಡಿಗೊಂದು ಫ್ರಿಜ್ ಕೊಡುವ ಹೊತ್ತಿಗೆ ಹಗುರ ಆಗಲೇ ಅರ್ಧ ಸತ್ತಿತ್ತು. ಜನರ ನಾಲಿಗೆಯೇ ಬದಲಾಗಿದೆ ಅಂತ ಶೀನಣ್ಣ ನಂಬಿದ್ದರು. ಹಾಗೆಯೇ ಹೋದರು.

ಏನು ತಪ್ಪುತ್ತಿದೆ, ಹನುಮಕ್ಕ? ನಿಮಗೇನಾದರೂ ಹೊಳೆಯುತ್ತಾ?

ಆಂಡಾಳ್


ಚಾಮರಾಜಪೇಟೆ
2 ಅಕ್ಟೋಬರ್ 2024

ಆಂಡಾಳಮ್ಮ,

ಹೊಳೆಯೋದೇನು ಬಂತು. ಮೊದಲನೇ ಶನಿವಾರದ ಮೊದಲನೇ ಗುಟುಕಿಗೇ ಗೊತ್ತಾಯ್ತು. ಮೂರು ವಾರ ಬಾಯಿ ಮುಚ್ಕೊಂಡಿದ್ದೆ, ನಾಲ್ಕನೇ ಶನಿವಾರ ಅದಕ್ಕೇ ಬರಲಿಲ್ಲ.

ಎರಡನೇ ನೀರು.

ನೀವು ಸಿಪ್ಪೆಯ ಬಿಳಿ ಭಾಗ ನೆನೆಸಿ ಆ ನೀರು ಹಾಕ್ತೀರಿ. ಫ್ಯಾಕ್ಟ್ರೀಲಿ ಸಿಪ್ಪೆ ನೆನೆಸ್ತಿದ್ದವಳು ನಾನು. ನಾನು ಮೊದಲನೇ ನೀರು ಚೆಲ್ಲಿಬಿಡ್ತಿದ್ದೆ. ಮತ್ತೆ ಹೊಸ ನೀರು ಹಾಕಿ ಎರಡು ಗಂಟೆ ಬಿಟ್ಟು, ಅದನ್ನ ನಿಮಗೆ ತಂದು ಕೊಡ್ತಿದ್ದೆ. ನಮ್ಮಮ್ಮ ಚಕ್ಕೋತದ ಸಿಪ್ಪೆ ಗೊಜ್ಜು ಮಾಡುವಾಗ ಹಂಗೇ ಮಾಡೋಳು. ಗಂಟಲ ಕಹಿ ಎಲ್ಲ ಮೊದಲನೇ ನೀರಿಗೆ ಬಿಟ್ಟುಹೋಗುತ್ತೆ. ಎರಡನೇದರಲ್ಲಿ ಉಳಿಯೋದು ನಾಲಿಗೆ ಕಹಿ.

ನೀವು ಕೇಳಿರಲಿಲ್ಲ, ನಾನು ಹೇಳಿರಲಿಲ್ಲ. ಅದರಲ್ಲಿ ಮೊದಮೊದಲು ಗುಟ್ಟೇನೂ ಇರಲಿಲ್ಲ. ಕೆಲಸ ಬಿಟ್ಟ ದಿನ ಮಾತ್ರ ಗೊತ್ತಿದ್ದೂ ಹೇಳದೆ ಬಂದೆ. ಆ ವರ್ಷ ದೀಪಾವಳಿ ಹೊತ್ತಿಗೆ ಮೂಲೆ ಅಂಗಡೀಲಿ ಒಂದು ಹಗುರ ಕೊಂಡು ಕುಡಿದೆ. ಕಹಿ. “ನೋಡು, ಓದು ಬರಹ ಇರೋರು ಮಾಡಿದ್ದು” ಅಂತ ನಕ್ಕಿದ್ದೆ. ನಕ್ಕದ್ದು ನಿಜ. ಆಮೇಲೆ ಶೀನಣ್ಣ ಗಾಡಿ ಮಾರಿದ್ರು, ಮೂರು ಜನರನ್ನ ಕೆಲಸದಿಂದ ಬಿಡಿಸಿದ್ರು ಅಂತ ಕೇಳಿದೆ. ಆಗ ನಗು ಬರಲಿಲ್ಲ. ಹೋಗಿ ಹೇಳೋಣ ಅಂತ ಒಂದು ಸಲ ಗೇಟಿನ ತನಕ ಬಂದೆ. ವಾಪಸ್ ಹೋದೆ.

ನೀವು ಒಂದು ಮಾತು ಆಡಿದ್ರಿ. ನಾನು ಒಂದು ಮಾತು ಆಡಲಿಲ್ಲ. ಯಾವುದು ದೊಡ್ಡದು ಅಂತ ನಂಗೆ ಗೊತ್ತಾಗ್ತಿಲ್ಲ.

ಶನಿವಾರ ಬರಲೋ ಬೇಡವೋ ಬರೀರಿ.

ಹನುಮಕ್ಕ


ಮಲ್ಲೇಶ್ವರ
4 ಅಕ್ಟೋಬರ್ 2024, ಶುಕ್ರವಾರ

ಹನುಮಕ್ಕ,

ಪೋಸ್ಟಿಗೆ ಹಾಕಿದರೆ ತಡವಾಗುತ್ತೆ ಅಂತ ಸಂಕರ್ಷಣ ಅವರ ಕೈಲೇ ಆಟೋದಲ್ಲಿ ಕಳಿಸುತ್ತಿದ್ದೇನೆ.

ಏಳು ವರ್ಷ! ಏಳು ವರ್ಷ ನಾನು ಸ್ಯಾಕರಿನ್ ತೂಗಿದೆ, ಬಾವಿ ಶೋಧಿಸಿದೆ, ಬಾಟಲಿಯ ಗಾಜನ್ನೂ ಬೈದೆ! ಸಿಟ್ಟು ಬಂತು. ಅಡುಗೆಮನೆಯಲ್ಲಿ ಒಬ್ಬಳೇ ನಿಂತು ಜೋರಾಗಿ ಬೈದೆ ನಿಮ್ಮನ್ನು. ಆಮೇಲೆ ನಾನು ಅವತ್ತು ಹೂಂ ಅಂದಿದ್ದರೆ ನೀವು ನನ್ನ ಪಕ್ಕದಲ್ಲೇ ಕೂತು ಆ ನೀರು ಚೆಲ್ಲುತ್ತಿದ್ದಿರಿ ಅನ್ನುವುದು ನೆನಪಾಯಿತು. ಬೈಗುಳ ಅರ್ಧಕ್ಕೇ ನಿಂತಿತು.

ಕಾಗದ ಸಿಕ್ಕಿ ಐದು ನಿಮಿಷಕ್ಕೇ ಸಿಪ್ಪೆ ನೆನೆಸಿದೆ, ಮೊದಲನೇ ನೀರು ಚೆಲ್ಲಿದೆ, ಎರಡು ಗಂಟೆ ಗಡಿಯಾರ ಹಿಡಿದು ಕಾದೆ. ಗ್ಯಾಸು ತುಂಬಿ ಸಂಕರ್ಷಣ ಅವರಿಗೆ ಕೊಟ್ಟೆ. ಒಂದು ಗುಟುಕು. ಇನ್ನೊಂದು ಗುಟುಕು. ಹಿಂದಿನ ಮೂರು ವಾರ ಅವರು ಎರಡನೇ ಗುಟುಕಿಗೆ ಹೋಗಿರಲೇ ಇಲ್ಲ! ಪೂರ್ತಿ ಲೋಟ ಖಾಲಿ ಮಾಡಿ, “ಇನ್ನಿದೆಯಾ?” ಅಂದರು.

ನನಗೆ ಗೊತ್ತಾಗಿದ್ದು ಗುಳ್ಳೆ ಒಂದೇ. ನಾಲಿಗೆಯ ಮೇಲೆ ಚುರುಚುರು ಅಂತು. ಸಾಕು ನನಗೆ.

ಬರಲೋ ಬೇಡವೋ ಅಂತ ಇನ್ನೊಂದು ಸಲ ಕೇಳಬೇಡಿ. ಹತ್ತು ಗಂಟೆ ಅಲ್ಲ, ಎಂಟಕ್ಕೇ ಬನ್ನಿ.

ಆಂಡಾಳ್


ಚಾಮರಾಜಪೇಟೆ
19 ನವೆಂಬರ್ 2024

ಆಂಡಾಳ್,

ದೊಡ್ಡಬೈರಪ್ಪ ಐವತ್ತು ಹಣ್ಣು ಕಳಿಸಿದಾನೆ. ಪೂಜಿತಾ ಅಂಗಡೀಲಿ ಕಾಲಿಡೋಕೆ ಜಾಗ ಇಲ್ಲ. ಅವಳು ಈಗ ನಗೋದು ಬಿಟ್ಟಿದಾಳೆ, ತಾನೇ ಗ್ಯಾಸು ತುಂಬ್ತಾಳೆ. ಮೊನ್ನೆ ಒಬ್ಬ ಗಿರಾಕಿಗೆ “ಇದು ನಮ್ಮಮ್ಮಂದು” ಅಂತ ಹೇಳೋದು ಕೇಳಿಸ್ತು. ನಾನು ಕೇಳಿಸದ ಹಂಗೆ ಒಳಗೆ ಹೋದೆ.

ನೂರಿಪ್ಪತ್ತು ಬಾಟಲಿ ಆಗುತ್ತೆ. ಒಂದೊಂದು ಗುಂಪಿನಿಂದ ಒಂದೊಂದು ತೆಗೆದು ನಾನು ನೋಡ್ತೀನಿ.

ಅನಿರುದ್ಧ ಅಂಗಡಿಗೆ ಬಂದಿದ್ರು. ಬೋರ್ಡಿನ ಮೇಲೆ ಏನು ಬರೆಸಿದೀರಿ ಅಂತ ಕೇಳಿದೆ. “ಆಂಡಾಳ್ ಮೇಡಂ ತಾವೇ ಬರೆದುಕೊಡ್ತೀನಿ ಅಂದಿದಾರೆ, ಆ ದಿನ ನೋಡಿ” ಅಂದ್ರು. ಏನೇನೋ ಬರೀಬೇಡ. ಎರಡು ಸಾಲು ಸಾಕು.

ಹನುಮಕ್ಕ


ಮಲ್ಲೇಶ್ವರ
9 ಡಿಸೆಂಬರ್ 2024

ಹನುಮಕ್ಕ,

ಎಲ್ಲಿ ಹೋದೆ? ಎಲ್ಲಿ ಹೋದೆ ನೀನು? ಮೈಕಿನ ಮುಂದೆ ಮಾತು ಮುಗಿಸಿ ನೋಡಿದರೆ ನಿನ್ನ ಕುರ್ಚಿ ಖಾಲಿ. ಪೂಜಿತಾ ಹೊರಗೆಲ್ಲ ಹುಡುಕಿ ಬಂದಳು. ಮನೆಗೆ ಬಂದಿದಾರೆ, ಚೆನ್ನಾಗಿದಾರೆ ಅಂತ ಸಂಜೆ ಅವಳು ತಿಳಿಸುವ ತನಕ ನನ್ನ ಜೀವ ಜೀವದಲ್ಲಿರಲಿಲ್ಲ.

ಎರಡು ಸಾಲು ಸಾಕು ಅಂತ ನೀನು ಅಂದಿದ್ದೆ. ಬೋರ್ಡಿನ ಮೇಲೆ ಹೆಸರು, ಇಸವಿ ಎರಡೇ ಸಾಲು ಹಾಕಿಸಿದೆ. ಮಿಕ್ಕದ್ದನ್ನು ಮೈಕಿನಲ್ಲಿ ಹೇಳಿದೆ. ಹಗುರ ನಿನ್ನ ನಾಲಿಗೆಯಿಂದ ಹುಟ್ಟಿದ್ದು ಅಂದೆ, ನೋಟ್‌ಬುಕ್ಕಿನ ಸಾಲು ಓದಿ ತೋರಿಸಿದೆ. ನಾನು ಶೀನಣ್ಣನಿಗೆ ಆಡಿದ ಮಾತನ್ನೂ ಹೇಳಿದೆ. ಅದನ್ನು ಬೇಡ ಅಂತಿದ್ದೆಯೇನೋ. ನಾನು ನಿನ್ನನ್ನು ಕೇಳಬೇಕಿತ್ತು.

ಆದರೆ ನೀನು ನೋಡದೆ ಹೋದದ್ದು ಕೇಳು! ಒಂದೂಕಾಲು ಗಂಟೆಯಲ್ಲಿ ನೂರಿಪ್ಪತ್ತು ಬಾಟಲಿಯೂ ಖಾಲಿ! ಸಾಲು ಮೆಟ್ಟಿಲು ದಾಟಿ ರಸ್ತೆಗೆ ಬಂದಿತ್ತು. ಕಾಲೇಜು ಹುಡುಗಿಯರು ಎರಡೆರಡು ಸಲ ನಿಂತರು. ಬಿಳಿ ಮೀಸೆಯ ಒಬ್ಬರು, ಬಸ್ ಕಂಡಕ್ಟರ್ ಆಗಿದ್ದವರಂತೆ, ಒಂದು ಗುಟುಕು ಕುಡಿದು ಕಣ್ಣು ಮುಚ್ಚಿ ನಿಂತುಬಿಟ್ಟರು. “ನಮ್ಮ ಅಪ್ಪನಿಗೆ ಸಕ್ಕರೆ ಇತ್ತು. ಚಾಮರಾಜಪೇಟೆ ಟ್ರಿಪ್ ಮುಗಿದಾಗೆಲ್ಲ ಒಂದು ಹಗುರ ತಗೊಂಡು ಹೋಗ್ತಿದ್ದೆ. ಆಮೇಲೆ ಯಾಕೋ ಅವರು ಬೇಡ ಅಂದುಬಿಟ್ಟರು. ಇದು ಮೊದಲಿನದ್ದು. ಇದೇ ಇದು” ಅಂದರು. ಯಾರು ಮಾಡಿದ್ದು ಅಂತ ಕೇಳಿದರು. ತೋರಿಸೋಣ ಅಂದರೆ ನೀನಿಲ್ಲ!

ಬರಿ. ಕೋಪ ಇದ್ದರೂ ಬರಿ.

ಆಂಡಾಳ್


ಚಾಮರಾಜಪೇಟೆ
12 ಡಿಸೆಂಬರ್ 2024

ಆಂಡಾಳ್,

ಕೋಪ ಇಲ್ಲ. ನೀನು ನನ್ನ ಹೆಸರು ಹೇಳಿದ ತಕ್ಷಣ ಇಡೀ ಹಾಲ್ ತಿರುಗಿ ನನ್ನ ಕಡೆ ನೋಡ್ತು. ಅರವತ್ನಾಲ್ಕು ವರ್ಷದಲ್ಲಿ ಅಷ್ಟು ಜನ ಒಟ್ಟಿಗೆ ನನ್ನ ಮುಖ ನೋಡಿರಲಿಲ್ಲ. ಕೂರೋಕೆ ಆಗಲಿಲ್ಲ. ಒಂದು ಬಾಟಲಿ ಕೈಲಿ ಹಿಡ್ಕೊಂಡು ಎದ್ದು ಬಂದೆ. ಬ್ಯೂಗಲ್ ರಾಕ್ ಪಾರ್ಕಿನ ಬೆಂಚಿನ ಮೇಲೆ ಕೂತು ಕುಡಿದೆ. ಪೂರ್ತಿ ಬಾಟಲಿ, ನಿಧಾನಕ್ಕೆ. ರುಚಿ ನೋಡೋಕಲ್ಲ, ಸುಮ್ಮನೆ. ಫ್ಯಾಕ್ಟ್ರೀಲಿ ಎರಡು ವರ್ಷ ದಿನಾ ಕುಡಿದಿದ್ರೂ ಒಂದು ಪೂರ್ತಿ ಬಾಟಲಿ ಯಾವತ್ತೂ ಕುಡಿದಿರಲಿಲ್ಲ ನಾನು. ಚೆನ್ನಾಗಿದೆ ಕಣೇ! ನಿಜಕ್ಕೂ ಚೆನ್ನಾಗಿದೆ!

ಅಳುನೂ ಬಂತು. ಅದು ಬೇರೆ.

ಆಮೇಲೆ ಯೋಚನೆ ಮಾಡಿದೆ. ನೀನು ನಿನ್ನ ತಪ್ಪು ಹೇಳಿದೆ. ನಂದು ಹೇಳಲಿಲ್ಲ. ಕಂಡಕ್ಟರ್ ಅಪ್ಪ ಬೇಡ ಅಂದದ್ದು ಯಾಕೆ ಅಂತ ನಂಗೆ ಗೊತ್ತು. ನಿನ್ನೆ ಅನಿರುದ್ಧನ ಮನೆ ಹುಡುಕ್ಕೊಂಡು ಹೋಗಿ ಒಂದು ಚೀಟಿ ಬರೆದು ಕೊಟ್ಟೆ. ಬೋರ್ಡಿಗೆ ಮೂರನೇ ಸಾಲು. ‘1986ರಿಂದ ಹಗುರ ಕಹಿಯಾಯಿತು. ಎರಡನೇ ನೀರಿನ ವಿಷಯ ಹನುಮಕ್ಕ ಹೇಳದೆ ಹೋದದ್ದೇ ಕಾರಣ.’ ಅವರು, “ಯಾಕಮ್ಮ, ಬೇಡ ಬಿಡಿ” ಅಂದ್ರು. “ಬರೀರಿ. ಇದೂ ಹಗುರದ ಕಥೇನೇ. ಶೀನಣ್ಣ ಇದ್ದಿದ್ರೆ ತಿಳ್ಕೋಬೇಕಾಗಿತ್ತು” ಅಂದೆ. ಜನವರೀಲಿ ಪ್ರದರ್ಶನ ಮೈಸೂರಿಗೆ ಹೋಗುತ್ತಂತೆ. ಮೂರನೇ ಸಾಲೂ ಹೋಗುತ್ತೆ.

ಇನ್ನೊಂದು. ಪೂಜಿತಾ ಪ್ರತಿ ಶನಿವಾರ ಅಂಗಡೀಲಿ ಹಗುರ ಮಾರ್ತೀನಿ ಅಂತ ಹಠ ಹಿಡಿದಿದಾಳೆ. ನಲವತ್ತು ಬಾಟಲಿಯಿಂದ ಶುರು. ಅಳತೆ ನಿಂದು, ನಾಲಿಗೆ ನಂದು ಅಂತ ಹೇಳಿದೀನಿ. ನಿನ್ನನ್ನ ಕೇಳದೆ ಹೇಳಿದೆ. ಲೆಕ್ಕ ಸರಿಹೋಯ್ತು!

ಹನುಮಕ್ಕ


ಚಾಮರಾಜಪೇಟೆ
21 ಫೆಬ್ರವರಿ 2025, ಶುಕ್ರವಾರ

ಆಂಡಾಳ್,

ಸಂಕರ್ಷಣ ಅವರು ಈ ಕಡೆ ಬಂದಿದ್ರು, ಅವರ ಕೈಲೇ ಕಳಿಸ್ತಿದೀನಿ. ಓದಿದ ತಕ್ಷಣ ಹೊರಡೋಕೆ ರೆಡಿ ಮಾಡ್ಕೋ.

ಪೂಜಿತಾ ನಾಳೆಗೆ ತುಂಬಿಟ್ಟ ನಲವತ್ತು ಬಾಟಲಿ ಬೇಡ ಅಂದೆ. ನಲವತ್ತೂ. ಹೊಸ ಫಸಲಿನ ಹಣ್ಣು ಬಂದಿದೆ, ಸಿಪ್ಪೆ ತೆಳ್ಳಗಿದೆ. ಎರಡು ಗಂಟೆ ನೆನೆಸಿದ್ದು ಸಾಲದು, ಕಹಿ ಮೊದಲೇ ಬಂದು ಮೊದಲೇ ಹೋಗ್ತಿದೆ, ಸಿಹಿ ಹಿಂದೆ ಒಂಟಿಯಾಗಿ ನಿಂತ್ಕೊಂಡಿದೆ. ಪೂಜಿತಾಗೆ ಅಳು ಬರೋದೊಂದು ಬಾಕಿ. ಬೆಳಿಗ್ಗೆಗೆ ಹದಿನೆಂಟು ಜನ ಹೆಸರು ಬರೆಸಿದಾರಂತೆ.

“ಅಮ್ಮಾ, ಕುಡಿಯೋರಿಗೆ ಇದೆಲ್ಲ ಗೊತ್ತಾಗುತ್ತಾ?” ಅಂದಳು.

“ಗೊತ್ತಾಗಲ್ಲ” ಅಂದೆ. “ನಂಗೆ ಗೊತ್ತಾಗುತ್ತೆ.”

ಅವಳು ನನ್ನ ಮುಖ ನೋಡಿದಳು. ಆಮೇಲೆ ಒಂದೊಂದೇ ಮುಚ್ಚಳ ತೆಗೆದು ಸಿಂಕಿಗೆ ಸುರಿಯೋಕೆ ಶುರು ಮಾಡಿದಳು. ನಾನು ಬಾಗಿಲಲ್ಲಿ ನಿಂತು ನೋಡ್ತಿದ್ದೆ. ಅಂಗಡಿ ತುಂಬ ಚಕ್ಕೋತದ ಘಮ, ಸಿಂಕಿನ ತುಂಬ ನೊರೆ.

ಬೇಗ ಬಾ, ರಾತ್ರಿಯೇ ಹೊಸ ಅಳತೆ ಹಿಡಿಯೋಣ. ಹಣ್ಣು ಬಿಡಿಸಿ ಇಟ್ಟಿರ್ತೀನಿ. ಊಟ ಇಲ್ಲೇ.

ಹನುಮಕ್ಕ